ಮುರಿದ ಅಚ್ಚು ಹೇಳುವುದೇನು?



1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ತೋಟದಲ್ಲಿ ದೊರೆ ಲೂಯಿ ಫಿಲಿಪ್‌ನ ಗೌರವಕ್ಕೆಂದು ಉತ್ಸವ ನಡೆದಿತ್ತು. ಕಾರಂಜಿಗಳನ್ನು ನೋಡಿ ಸಂಜೆ ಪ್ಯಾರಿಸ್ಸಿಗೆ ಮರಳುವ ಜನರಿಂದ ರೈಲು ಕಿಕ್ಕಿರಿದಿತ್ತು. ಮ್ಯೂಡಾನ್ ಎಂಬ ಊರಿನ ಬಳಿ ಮುಂದಿನ ಎಂಜಿನ್ನಿನ ಅಚ್ಚು ಇದ್ದಕ್ಕಿದ್ದಂತೆ ತುಂಡಾಯಿತು. ಎಂಜಿನ್ ಮುಗ್ಗರಿಸಿ ನಿಂತಿತು. ಹಿಂದಿನಿಂದ ನುಗ್ಗಿ ಬಂದ ಬೋಗಿಗಳು ಒಂದರ ಮೇಲೊಂದು ಏರಿದವು. ಒಲೆಯ ಕೆಂಡ ಚೆಲ್ಲಿ ಮರದ ಬೋಗಿಗಳಿಗೆ ಬೆಂಕಿ ಹತ್ತಿತು. ಬೋಗಿಯ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕುವುದು ಆಗ ಅಲ್ಲಿನ ಪದ್ಧತಿ. ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಂಟಾರ್ಕ್ಟಿಕದ ಹಿಮಸಾಗರವನ್ನು ಹಡಗಿನಲ್ಲಿ ಸುತ್ತಿ ಬದುಕಿ ಬಂದಿದ್ದ ನಾವಿಕ ಡ್ಯುಮಾಂ ದ್ಯುರ್ವಿಲ್, ಹೆಂಡತಿ ಮತ್ತು ಮಗನೊಡನೆ, ಅಂದು ತೀರಿಕೊಂಡ.

ಇಂದಿನ ನನ್ನ ಮಾತು ಯಂತ್ರ ವಿನ್ಯಾಸದ ಮೂಲ ತತ್ವಗಳ ಬಗ್ಗೆ. ಶಾಫ್ಟು, ಬೇರಿಂಗು, ಬೋಲ್ಟು, ಕೀ, ಹಲ್ಲುಚಕ್ರ ಇವುಗಳನ್ನು ಹೇಗೆ ಲೆಕ್ಕ ಹಾಕಿ ರೂಪಿಸುತ್ತಾರೆ ಎಂಬ ವಿಷಯ. ಅಪಘಾತವೊಂದರಿಂದ ಮಾತು ತೆಗೆದದ್ದಕ್ಕೆ ಕಾರಣವಿದೆ. ಈ ವಿದ್ಯೆಯ ದೊಡ್ಡ ಪಾಠಗಳು ಬಹುಪಾಲು ಬಂದದ್ದು ಮುರಿದ ತುಂಡನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಇದು ಏಕೆ ಹೀಗಾಯಿತು ಎಂದು ಕೇಳಿದವರಿಂದ. ನಮ್ಮ ತರಗತಿಗಳಲ್ಲಿ ಇದನ್ನು ಸೂತ್ರದಿಂದ ಶುರುಮಾಡಿ ಸೂತ್ರದಲ್ಲೇ ಮುಗಿಸುತ್ತೇವೆ. ಅದು ಸರಿಯಾದ ದಾರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಕಾಲದ ಇಂಜಿನಿಯರುಗಳನ್ನು ಕಾಡುತ್ತಿದ್ದ ಒಗಟು ಇದು: ಹೊಸದಾಗಿದ್ದಾಗ ಎಷ್ಟೋ ಹೆಚ್ಚಿನ ಭಾರವನ್ನು ತಡೆಯಬಲ್ಲ ಅಚ್ಚು, ವರ್ಷಗಟ್ಟಲೆ ನಿರಾಳವಾಗಿ ಓಡಿದ ಮೇಲೆ, ಮಾಮೂಲು ಭಾರಕ್ಕೇ, ಬಾಗದೆ ಬಳುಕದೆ ಪಟ್ಟನೆ ಮುರಿಯುತ್ತಿತ್ತು. ಮುರಿದ ಜಾಗದಲ್ಲಿ ಹರಳುಹರಳಾದ ಮೈ ಕಾಣುತ್ತಿತ್ತು. ನಾರುನಾರಾಗಿದ್ದ ಕಬ್ಬಿಣ ಓಡಾಟದ ಅಲುಗಾಟಕ್ಕೆ ಒಳಗೊಳಗೇ ಹರಳುಗಟ್ಟಿ ಪೆಡಸಾಗುತ್ತದೆ ಎಂದು ಹೆಚ್ಚಿನವರು ನಂಬಿದ್ದರು. ಸ್ಕಾಟ್ಲೆಂಡಿನ ತರುಣ ವಿಲಿಯಂ ರ‍್ಯಾಂಕಿನ್‌ಗೆ ಈ ವಿವರಣೆ ಒಪ್ಪಿಗೆಯಾಗಲಿಲ್ಲ. 1843ರಲ್ಲಿ ಅವನು ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಗೆ ಒಂದು ಪ್ರಬಂಧ ಒಪ್ಪಿಸಿದ. ಮುರಿದ ಅಚ್ಚುಗಳನ್ನು ನೋಡಿದಾಗ ಅವನಿಗೆ ಕಂಡದ್ದು ಎರಡು ಬಗೆಯ ಮೈ. ಅಂಚಿನಿಂದ ಸುತ್ತಲೂ ಒಳಕ್ಕಿಳಿದ ನಯವಾದ ಉಂಗುರ, ನಡುವೆ ಒರಟಾದ ತಿರುಳು. ಬಿರುಕು ಹೊರಗಿನಿಂದ ಶುರುವಾಗಿ ದಿನದಿನಕ್ಕೆ ಒಳಗೆ ಸಾಗಿದೆ, ಉಳಿದ ತಿರುಳು ಭಾರ ಹೊರಲಾರದಷ್ಟು ಸಣ್ಣದಾದ ದಿನ ಅಚ್ಚು ಮುರಿದಿದೆ ಎಂದು ಅವನು ಕಂಡುಕೊಂಡ. ಶುರುವಾದ ಜಾಗವನ್ನೂ ಗುರುತಿಸಿದ. ಅಚ್ಚಿನ ದಪ್ಪ ಭಾಗ ಮುಗಿದು ಸಣ್ಣ ಭಾಗ ಆರಂಭವಾಗುವ ಮೆಟ್ಟಿಲಿನ ಚೂಪು ಮೂಲೆ ಅದು. ಆ ಮೂಲೆಯನ್ನು ದುಂಡಗೆ ಮಾಡಿ, ದಪ್ಪದಿಂದ ಸಣ್ಣಕ್ಕೆ ನಿಧಾನವಾಗಿ ಇಳಿಯುವಂತೆ ರೂಪಿಸಿ ಎಂದು ಸಲಹೆ ಕೊಟ್ಟ. ಅವನಿಗಾಗ ಇಪ್ಪತ್ತಮೂರರ ಆಸುಪಾಸಿನ ವಯಸ್ಸು.

ನೂರಾ ಎಂಬತ್ತು ವರ್ಷ ದಾಟಿದರೂ ಈ ಸಲಹೆ ಹಳತಾಗಿಲ್ಲ. ಶಾಫ್ಟಿನ ಮೆಟ್ಟಿಲಿನಲ್ಲಿ ಕೊಡುವ ಈ ದುಂಡು ತಿರುವನ್ನು ವರ್ಕ್‌ಶಾಪಿನಲ್ಲಿ ಫಿಲೆಟ್ ಅನ್ನುತ್ತಾರೆ, ಕೆಲವರು ರೇಡಿಯಸ್ ಅನ್ನುತ್ತಾರೆ. ಲೇತಿನ ಟೂಲನ್ನು ಸ್ವಲ್ಪ ದುಂಡಗೆ ಮಸೆದುಕೊಂಡರೆ ಆಯಿತು, ಹೆಚ್ಚಿನ ಖರ್ಚೇನೂ ಇಲ್ಲ. ಆದರೂ ಇದನ್ನು ಬಿಟ್ಟು ಮಾಡಿದ ಶಾಫ್ಟುಗಳು ಇಂದಿಗೂ ನಮ್ಮ ಪಂಪುಗಳಲ್ಲಿ, ಗಿರಣಿಗಳಲ್ಲಿ ಮುರಿಯುತ್ತಲೇ ಇವೆ.

ಮೂಲೆಗೆ ಅಷ್ಟು ಪ್ರಾಮುಖ್ಯ ಏಕೆ? ಒಂದು ಸರಳನ್ನು ಎಳೆದಾಗ ಅದರ ಪ್ರತಿ ಚದರ ಮಿಲಿಮೀಟರಿಗೂ ಇಷ್ಟಿಷ್ಟು ಬಲ ಬೀಳುತ್ತದೆ. ಇಂಜಿನಿಯರುಗಳು ಸ್ಟ್ರೆಸ್ ಎನ್ನುವುದು ಇದನ್ನೇ. ಸರಳು ನೇರವಾಗಿದ್ದರೆ ಬಲ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಅಡ್ಡಲಾಗಿ ಒಂದು ಕಚ್ಚು, ಒಂದು ತೂತು, ಒಂದು ಮೂಲೆ ಬಂದರೆ ಹಂಚಿಕೆ ಕೆಡುತ್ತದೆ. ಕಾಲುವೆಯ ನೀರು ಚೂಪು ತಿರುವಿನಲ್ಲಿ ಒಳಮೂಲೆಗೆ ಒತ್ತಿಕೊಂಡು ರಭಸವಾಗಿ ಹರಿಯುವ ಹಾಗೆ, ಲೋಹದೊಳಗಿನ ಬಲವೂ ಚೂಪು ಮೂಲೆಯಲ್ಲಿ ಒತ್ತೊತ್ತಾಗುತ್ತದೆ. ಅಗಲವಾದ ತಗಡಿನ ನಡುವೆ ಒಂದು ದುಂಡು ತೂತು ಕೊರೆದು ಎಳೆದರೆ, ತೂತಿನ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟಾಗುತ್ತದೆ ಎಂದು ಜರ್ಮನಿಯ ಕಿರ್ಷ್ 1898ರಲ್ಲೇ ಗಣಿತದಿಂದ ತೋರಿಸಿದ. ತೂತು ಎಷ್ಟೇ ಚಿಕ್ಕದಿರಲಿ, ಮೂರು ಪಟ್ಟೇ. ತೂತಿಗೆ ಬದಲು ಸೀಳಿನಂಥ ಚೂಪು ಕಚ್ಚು ಇದ್ದರೆ ಇನ್ನೂ ಎಷ್ಟೋ ಪಟ್ಟು. ಬಿರುಕು ಎಂದರೆ ಅತ್ಯಂತ ಚೂಪಾದ ಕಚ್ಚು. ಹಾಗಾಗಿ ಒಮ್ಮೆ ಹುಟ್ಟಿದ ಬಿರುಕು ತನ್ನ ಮುಂದಿನ ದಾರಿಯನ್ನು ತಾನೇ ಸುಲಭ ಮಾಡಿಕೊಳ್ಳುತ್ತ ಹೋಗುತ್ತದೆ.

ಇಂಥ ಬಿರುಕು ಹುಟ್ಟಿ ಬೆಳೆಯಲು ಮೂಲೆಯಷ್ಟೇ ಸಾಲದು, ಪದೇಪದೇ ಬದಲಾಗುವ ಬಲವೂ ಬೇಕು. ಅದನ್ನು ಲೆಕ್ಕಕ್ಕೆ ತಂದವನು ಪ್ರಷ್ಯಾದ ರೈಲ್ವೆ ಇಂಜಿನಿಯರ್ ಔಗುಸ್ಟ್ ವೋಲರ್. 1850ರ ದಶಕದ ಕೊನೆಯಿಂದ 1870ರವರೆಗೆ ಅವನು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದ. ಓಡುವ ಬೋಗಿಗಳ ಅಚ್ಚು ನಿಜಕ್ಕೂ ಎಷ್ಟು ಬಾಗುತ್ತದೆ ಎಂಬುದನ್ನು ತಾನೇ ರೂಪಿಸಿದ ಸಾಧನದಿಂದ ಅಳೆದ. ಆಮೇಲೆ ಅಷ್ಟೇ ಬಾಗಿಸಿ ತಿರುಗಿಸುವ ಯಂತ್ರ ಕಟ್ಟಿ, ತುಂಡಾಗುವವರೆಗೆ ಕಂಬಿಗಳನ್ನು ತಿರುಗಿಸಿದ, ಲಕ್ಷಗಟ್ಟಲೆ ಸುತ್ತು. ಸ್ಟ್ರೆಸ್ ಹೆಚ್ಚಿದ್ದರೆ ಕಂಬಿ ಬೇಗ ಮುರಿಯುತ್ತಿತ್ತು, ಕಡಿಮೆಯಾದಷ್ಟೂ ಹೆಚ್ಚು ಸುತ್ತು ಬಾಳುತ್ತಿತ್ತು. ಒಂದು ಮಟ್ಟಕ್ಕಿಂತ ಕೆಳಗಿಳಿಸಿದರೆ ಎಷ್ಟು ತಿರುಗಿಸಿದರೂ ಮುರಿಯುತ್ತಿರಲಿಲ್ಲ. ಪದೇಪದೇ ಬದಲಾಗುವ ಬಲಕ್ಕೆ ಲೋಹ ಹೀಗೆ ಸೋಲುವುದನ್ನು ದಣಿವು ಎನ್ನುತ್ತಾರೆ, ಆ ಮಟ್ಟವೇ ಲೋಹದ ದಣಿವಿನ ಮಿತಿ. ನುಣ್ಣಗೆ ಪಾಲಿಶ್ ಮಾಡಿದ ಉಕ್ಕಿನ ಮಾದರಿಯಲ್ಲಿ ಅದು, ಎಳೆದು ಮುರಿಯಲು ಬೇಕಾದ ಸ್ಟ್ರೆಸ್ಸಿನ ಸುಮಾರು ಅರ್ಧದಷ್ಟು. ಯಂತ್ರದಲ್ಲಿ ಕೂರುವ ಒರಟು ಮೈಯ, ಮೆಟ್ಟಿಲು ಕಡಿದ ಶಾಫ್ಟಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅಲ್ಯೂಮಿನಿಯಮ್ಮಿಗಂತೂ ಇಂಥ ಸ್ಪಷ್ಟ ಮಿತಿಯೇ ಇಲ್ಲ. ವಿಮಾನದ ಭಾಗಗಳನ್ನು ಇಷ್ಟು ಹಾರಾಟದ ಮೇಲೆ ಪರೀಕ್ಷಿಸಲೇಬೇಕು, ಬದಲಾಯಿಸಲೇಬೇಕು ಎಂದು ಕಟ್ಟುನಿಟ್ಟು ಮಾಡುವುದರ ಹಿಂದೆ ಈ ಕಾರಣವೂ ಇದೆ.

ಲಕ್ಷ ಸುತ್ತು ಎಂದರೆ ದೊಡ್ಡ ಸಂಖ್ಯೆಯಂತೆ ಕೇಳುತ್ತದೆ. ರೈಲಿನ ಲೆಕ್ಕದಲ್ಲಿ ನೋಡಿ. ಈಗಿನ ಎಲ್‌ಎಚ್‌ಬಿ ಬೋಗಿಯ ಹೊಸ ಗಾಲಿಯ ವ್ಯಾಸ 915 ಮಿಲಿಮೀಟರ್. ಒಂದು ಸುತ್ತಿಗೆ ಮೂರು ಮೀಟರಿಗಿಂತ ಸ್ವಲ್ಪ ಕಡಿಮೆ ದೂರ, ಕಿಲೋಮೀಟರಿಗೆ ಸುಮಾರು 350 ಸುತ್ತು. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,400 ಕಿಲೋಮೀಟರ್. ಹೋಗುವಾಗಲೇ ಎಂಟು ಲಕ್ಷಕ್ಕೂ ಹೆಚ್ಚು ಸುತ್ತು. ಬೋಗಿಯ ಭಾರ ಅಚ್ಚಿನ ಎರಡು ತುದಿಗಳ ಮೇಲೆ ಕೂತಿರುತ್ತದೆ, ಗಾಲಿಗಳು ಅದರ ಒಳಬದಿಯಲ್ಲಿರುತ್ತವೆ. ಹೀಗಾಗಿ ಅಚ್ಚಿನ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ. ಅರ್ಧ ಸುತ್ತಿನಲ್ಲಿ ಮೇಲಿದ್ದದ್ದು ಕೆಳಗೆ. ಭಾರ ಬದಲಾಗದಿದ್ದರೂ ಅಚ್ಚಿನ ಮೈಯ ಪ್ರತಿ ಬಿಂದುವೂ ಆ ಒಂದು ಪ್ರಯಾಣದಲ್ಲಿ ಎಂಟು ಲಕ್ಷ ಸಲ ಹಿಗ್ಗಿ ಕುಗ್ಗುತ್ತದೆ. ರೈಲಿನ ಅಚ್ಚುಗಳನ್ನೂ ಗಾಲಿಗಳನ್ನೂ ತಯಾರಿಸುವ ಕಾರ್ಖಾನೆ ನಮ್ಮ ಯಲಹಂಕದಲ್ಲಿದೆ, 1984ರಿಂದ. ಕಣ್ಣಿಗೆ ಕಾಣದ ಬಿರುಕನ್ನು ಶ್ರವಣಾತೀತ ತರಂಗ ಕಳಿಸಿ ಹುಡುಕುವುದು ರೈಲ್ವೆಯಲ್ಲಿ ನಿತ್ಯದ ಕೆಲಸ. ರ‍್ಯಾಂಕಿನ್ ಕಂಡ ಉಂಗುರ ಇನ್ನೂ ಸಣ್ಣದಿರುವಾಗಲೇ ಅದನ್ನು ಹಿಡಿಯುವ ಪ್ರಯತ್ನ ಅದು.

ದಣಿವಿನ ಬಿರುಕು ಹುಟ್ಟುವುದು ಹೆಚ್ಚಾಗಿ ಮೈಮೇಲೆ. ಆದ್ದರಿಂದ ಒಳ್ಳೆಯ ವಿನ್ಯಾಸಕ ಮೈಯನ್ನು ಜೋಪಾನ ಮಾಡುತ್ತಾನೆ. ಟೂಲಿನ ಗೀರು ಉಳಿಯದಂತೆ ಗ್ರೈಂಡ್ ಮಾಡಿಸುತ್ತಾನೆ. ಸ್ಪ್ರಿಂಗುಗಳ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಎರಚಿ ಮೈಯನ್ನು ಒತ್ತಿ ಬಿಗಿಯಾಗಿಸುವ ಕ್ರಮವಿದೆ. ಒತ್ತಿದ ಮೈಯಲ್ಲಿ ಬಿರುಕು ಬಾಯಿ ತೆರೆಯುವುದು ಕಷ್ಟ. ಇದಕ್ಕೆ ತದ್ವಿರುದ್ಧವಾದದ್ದು ನಮ್ಮಲ್ಲಿ ಬಹಳ ನಡೆಯುವ ಒಂದು ರಿಪೇರಿ: ಬೇರಿಂಗ್ ಕೂರುವ ಜಾಗ ಸವೆದಿದೆ ಎಂದು ಶಾಫ್ಟಿನ ಮೇಲೆ ವೆಲ್ಡಿಂಗ್ ತುಂಬಿಸಿ ಮತ್ತೆ ಲೇತಿಗೆ ಹಾಕುವುದು. ವೆಲ್ಡಿಂಗ್ ತಣ್ಣಗಾಗುವಾಗ ಕುಗ್ಗಿ ಮೈಯನ್ನು ಎಳೆದು ಹಿಡಿಯುತ್ತದೆ, ಪಕ್ಕದ ಉಕ್ಕು ಪೆಡಸಾಗುತ್ತದೆ. ಕಣ್ಣಿಗೆ ಹೊಸದರಂತೆ ಹೊಳೆಯುವ ಆ ಶಾಫ್ಟು ವೆಲ್ಡಿಂಗಿನ ಅಂಚಿನಲ್ಲೇ ತುಂಡಾಗುತ್ತದೆ. ಮುಖ್ಯವಾದ ಶಾಫ್ಟಾದರೆ ಈ ರಿಪೇರಿ ಬೇಡ, ಹೊಸದು ಮಾಡಿಸಿ.

ಈಗ ಶಾಫ್ಟಿನ ದಪ್ಪದ ವಿಚಾರ. ಮಂಡ್ಯದ ಕಡೆಯ ಆಲೆಮನೆಯ ಗಾಣವನ್ನು ನೋಡಿರುತ್ತೀರಿ. ಮೋಟರಿನ ಶಾಫ್ಟು ಸಣ್ಣ, ಕಬ್ಬು ಅರೆಯುವ ಉರುಳೆಯ ಶಾಫ್ಟು ಭಾರೀ ದಪ್ಪ. ಎರಡರಲ್ಲಿ ಹರಿಯುವ ಶಕ್ತಿ ಹೆಚ್ಚುಕಡಿಮೆ ಒಂದೇ. ಹತ್ತು ಅಶ್ವಶಕ್ತಿ ಎಂದಿಟ್ಟುಕೊಳ್ಳಿ. ಮೋಟರು ನಿಮಿಷಕ್ಕೆ 1,440 ಸುತ್ತು ತಿರುಗಿ, ಬೆಲ್ಟು ಮತ್ತು ಹಲ್ಲುಚಕ್ರಗಳ ಮೂಲಕ ಉರುಳೆ 12 ಸುತ್ತಿಗೆ ಇಳಿದರೆ, ವೇಗ 120 ಪಟ್ಟು ಕಡಿಮೆಯಾಯಿತು. ತಿರುಚುವ ಬಲ, ಅಂದರೆ ಟಾರ್ಕ್, ಘರ್ಷಣೆಗೆ ಹೋದದ್ದನ್ನು ಬಿಟ್ಟರೆ, ಅಷ್ಟೇ ಪಟ್ಟು ಹೆಚ್ಚಾಯಿತು. ಹಾಗಾದರೆ ಶಾಫ್ಟು 120 ಪಟ್ಟು ದಪ್ಪವಿರಬೇಕೇ? ಬೇಡ. ತಿರುಚಿಗೆ ಶಾಫ್ಟಿನ ಬಲ ವ್ಯಾಸದ ಘನದಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಲ ಎಂಟು ಪಟ್ಟು. 120 ಪಟ್ಟು ಟಾರ್ಕಿಗೆ ಸುಮಾರು ಐದು ಪಟ್ಟು ದಪ್ಪ ಸಾಕು. ತಿರುಚಿನಲ್ಲಿ ಹೆಚ್ಚು ದುಡಿಯುವುದು ಹೊರಮೈ, ನಡುವಿನ ಲೋಹ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಶಾಫ್ಟಿನ ನಡುವೆ ಅದರ ವ್ಯಾಸದ ಅರ್ಧದಷ್ಟು ತೂತು ಉದ್ದಕ್ಕೂ ಕೊರೆದರೆ ತೂಕ ಕಾಲುಭಾಗ ಇಳಿಯುತ್ತದೆ, ಬಲ ಹೋಗುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಲಾರಿಯ ಅಡಿಯಲ್ಲಿ ತಿರುಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟು ಕೊಳವೆಯಾಗಿರುವುದು ಇದಕ್ಕೇ.

ಬಲ ಬೇರೆ, ಗಡಸುತನ ಬೇರೆ, ಬಾಗದಿರುವ ಗುಣ ಬೇರೆ. ಇವುಗಳನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಶಾಫ್ಟು ತುಂಬ ಬಾಗುತ್ತಿದೆ, ಮೈಲ್ಡ್ ಸ್ಟೀಲ್ ಬದಲು ದುಬಾರಿ ಇಎನ್ 24 ಉಕ್ಕು ಹಾಕೋಣ ಎನ್ನುವವರನ್ನು ಕಾಣುತ್ತೇವೆ. ಇಎನ್ 24 ಮುರಿಯದೆ ಹೆಚ್ಚು ಭಾರ ತಡೆಯುವುದು ನಿಜ. ಆದರೆ ಅದೇ ಭಾರಕ್ಕೆ ಅದೂ ಅಷ್ಟೇ ಬಾಗುತ್ತದೆ, ಏಕೆಂದರೆ ಈ ಗುಣದಲ್ಲಿ ಎಲ್ಲ ಉಕ್ಕುಗಳೂ ಹೆಚ್ಚುಕಡಿಮೆ ಒಂದೇ. ಬಾಗುವುದು ಕಡಿಮೆಯಾಗಬೇಕಾದರೆ ಶಾಫ್ಟು ದಪ್ಪಗಾಗಬೇಕು, ಇಲ್ಲವೇ ಬೇರಿಂಗುಗಳು ಹತ್ತಿರ ಬರಬೇಕು. ವ್ಯಾಸ ಎರಡು ಪಟ್ಟಾದರೆ ಬಾಗು ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ಹರಿಹರದಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ, ಲೇತುಗಳನ್ನು ಮಾಡುತ್ತ ಬಂದಾಗ ಅವರ ಮುಂದಿದ್ದ ಮುಖ್ಯ ಪ್ರಶ್ನೆ ಲೇತಿನ ಬೆಡ್ ಮುರಿಯುತ್ತದೆಯೇ ಎಂಬುದಾಗಿರಲಿಲ್ಲ. ಕತ್ತರಿಸುವ ಬಲಕ್ಕೆ ಅದು ಒಂದು ಕೂದಲೆಳೆಯಷ್ಟು ಬಾಗಿದರೂ ಕೆಲಸದ ಅಳತೆ ಕೆಟ್ಟಿತು. ಅದಕ್ಕೇ ಬೆಡ್ ಅಷ್ಟು ದಪ್ಪ, ಅಷ್ಟು ಪಕ್ಕೆಲುಬುಗಳು. ಎರಕದ ಕಬ್ಬಿಣವನ್ನು ಆರಿಸುವುದು ಅದು ಕಂಪನವನ್ನು ಹೀರಿಕೊಳ್ಳುತ್ತದೆ ಎಂಬ ಕಾರಣಕ್ಕೂ ಹೌದು.

ಶಾಫ್ಟಿನ ಮೇಲೆ ಪುಲ್ಲಿಯನ್ನೋ ಹಲ್ಲುಚಕ್ರವನ್ನೋ ಕೂರಿಸಿ ಜಾರದಂತೆ ಹಿಡಿಯುವ ಪುಟ್ಟ ಉಕ್ಕಿನ ಪಟ್ಟಿಯೇ ಕೀ. ಸಾಮಾನ್ಯವಾಗಿ ಅದರ ಅಗಲ ಶಾಫ್ಟಿನ ವ್ಯಾಸದ ಕಾಲುಭಾಗ. ಅದನ್ನು ಶಾಫ್ಟಿಗಿಂತ ಮೆತ್ತನೆಯ ಉಕ್ಕಿನಲ್ಲಿ ಮಾಡುವ ರೂಢಿ ಬಹಳ ಹಳೆಯದು. ಏನಾದರೂ ಹೆಚ್ಚುಕಡಿಮೆಯಾದರೆ ಅಗ್ಗದ ಕೀ ಹೋಗಲಿ, ದುಬಾರಿ ಶಾಫ್ಟೂ ಗೇರೂ ಉಳಿಯಲಿ ಎಂದು. ಯಂತ್ರ ವಿನ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ತತ್ವ ಇದು. ಯಾವುದೂ ಎಂದೂ ಮುರಿಯದ ಯಂತ್ರವನ್ನು ಯಾರೂ ಕಟ್ಟಲಾರರು. ಮುರಿಯುವುದೇ ಆದರೆ ಮೊದಲು ಯಾವುದು ಮುರಿಯಬೇಕು, ಮುರಿದಾಗ ಯಾರಿಗೂ ಪೆಟ್ಟಾಗದಂತೆ ಹೇಗೆ ಮುರಿಯಬೇಕು ಎಂಬುದನ್ನು ವಿನ್ಯಾಸಕ ಕಾಗದದ ಮೇಲೆಯೇ ನಿರ್ಧರಿಸಿರಬೇಕು.

ರೈತ ಬಂಧುಗಳಿಗೆ ಇದು ನೇರವಾಗಿ ತಾಗುವ ಮಾತು. ಟ್ರ್ಯಾಕ್ಟರಿನ ಹಿಂದೆ ರೋಟವೇಟರ್ ಕಟ್ಟಿ ಪಿಟಿಒ ಶಾಫ್ಟಿನಿಂದ ತಿರುಗಿಸುವಾಗ, ಅನೇಕ ರೋಟವೇಟರುಗಳಲ್ಲಿ ಆ ಶಾಫ್ಟಿನ ಕೊನೆಯಲ್ಲಿ ಒಂದು ಶಿಯರ್ ಬೋಲ್ಟ್ ಇರುತ್ತದೆ. ಬ್ಲೇಡಿಗೆ ಬಂಡೆಯೋ ಮರದ ಬೇರೋ ಸಿಕ್ಕಾಗ ಆ ಬೋಲ್ಟು ಕತ್ತರಿಸಿಹೋಗುತ್ತದೆ, ರೋಟವೇಟರ್ ನಿಲ್ಲುತ್ತದೆ, ಟ್ರ್ಯಾಕ್ಟರಿನ ಗೇರು ಉಳಿಯುತ್ತದೆ. ಕೆಲಸ ನಿಂತ ಸಿಟ್ಟಿಗೆ, ಈ ಬೋಲ್ಟು ಪದೇಪದೇ ಮುರಿಯುತ್ತದೆ ಎಂದು, ಅಂಗಡಿಯಿಂದ ಹೈ ಟೆನ್ಸೈಲ್ ಬೋಲ್ಟು ತಂದು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೋಲ್ಟು ಮುರಿಯದಿದ್ದರೆ ಆ ಹೊಡೆತ ಎಲ್ಲಿಗೂ ಮಾಯವಾಗುವುದಿಲ್ಲ, ಗೇರ್‌ಬಾಕ್ಸಿನ ಹಲ್ಲಿಗೆ ಹೋಗುತ್ತದೆ. ಕೈಪಿಡಿಯಲ್ಲಿ ಹೇಳಿದ ಅಳತೆಯ, ಹೇಳಿದ ದರ್ಜೆಯ ಬೋಲ್ಟನ್ನೇ ಹಾಕಿ, ನಾಲ್ಕು ಹೆಚ್ಚಿಗೆ ಜೇಬಿನಲ್ಲಿಟ್ಟುಕೊಳ್ಳಿ. ಬದಲಾಯಿಸುವಾಗ ಎಂಜಿನ್ ಆಫ್ ಮಾಡುವುದನ್ನು ಮಾತ್ರ ಮರೆಯಬೇಡಿ.

ಬೋಲ್ಟಿನ ದರ್ಜೆ ತಿಳಿಯುವುದು ಸುಲಭ. ತಲೆಯ ಮೇಲೆ 8.8, 10.9, 12.9 ಎಂದು ಅಂಕಿ ಇರುತ್ತದೆ. 8.8ರಲ್ಲಿ ಮೊದಲ ಎಂಟು, ಆ ಉಕ್ಕು ಚದರ ಮಿಲಿಮೀಟರಿಗೆ 800 ನ್ಯೂಟನ್ ಬಲದವರೆಗೆ ಎಳೆತ ತಾಳುತ್ತದೆ ಎಂದು ಹೇಳುತ್ತದೆ. ಎರಡನೆಯ ಎಂಟು, ಅದರ ನೂರಕ್ಕೆ 80ರಷ್ಟು ಬಲಕ್ಕೆ ಬೋಲ್ಟು ಶಾಶ್ವತವಾಗಿ ಹಿಗ್ಗಲು ತೊಡಗುತ್ತದೆ ಎಂದು. ಬೋಲ್ಟು ತುಂಡುಗಳನ್ನು ಸುಮ್ಮನೆ ಸೇರಿಸಿಟ್ಟುಕೊಳ್ಳುವ ಗೂಟ ಎಂದು ತಿಳಿದವರೇ ಹೆಚ್ಚು. ನಿಜಕ್ಕೂ ಅದು ಹಿಗ್ಗಿಸಿಟ್ಟ ಒಂದು ಸ್ಪ್ರಿಂಗ್. ಪಾನ ಹಾಕಿ ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ, ಮತ್ತೆ ಕುಗ್ಗಲು ಎಳೆಯುತ್ತ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. 12 ಮಿಲಿಮೀಟರಿನ, 8.8 ದರ್ಜೆಯ ಒಂದೇ ಬೋಲ್ಟನ್ನು ಸರಿಯಾಗಿ ಬಿಗಿದರೆ ಅದು ಮೂರೂವರೆ ಟನ್ನಿಗೂ ಹೆಚ್ಚಿನ ಬಲದಿಂದ ಒತ್ತಿ ಹಿಡಿಯಬಲ್ಲದು. ಹೀಗೆ ಬಿಗಿದ ಬೋಲ್ಟಿನ ಮೇಲೆ ಹೊರಗಿನ ಬಲ ಏರಿಳಿದರೂ, ಅದರ ಸಣ್ಣ ಪಾಲಷ್ಟೇ ಬೋಲ್ಟಿಗೆ ತಟ್ಟುತ್ತದೆ. ಉಳಿದದ್ದು ಒತ್ತಿಕೊಂಡ ಭಾಗಗಳಲ್ಲೇ ತೀರಿಹೋಗುತ್ತದೆ. ಸಡಿಲ ಬಿಟ್ಟರೆ ಪೂರ್ತಿ ಏರಿಳಿತ ಬೋಲ್ಟಿನ ಪಾಲು, ವೋಲರ್ ತೋರಿಸಿದ ದಣಿವು ಅಲ್ಲಿಂದ ಶುರು. ಎಂಜಿನ್ನಿನ ಕನೆಕ್ಟಿಂಗ್ ರಾಡಿನ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಬಳಸಿ ಎನ್ನುವುದು ಇದಕ್ಕಾಗಿ.

ಪಾನಕ್ಕೆ ಹಾಕಿದ ಶ್ರಮದಲ್ಲಿ ಬೋಲ್ಟನ್ನು ಹಿಗ್ಗಿಸಲು ಬಳಕೆಯಾಗುವುದು ನೂರಕ್ಕೆ ಹತ್ತರಷ್ಟು ಮಾತ್ರ. ಉಳಿದ ತೊಂಬತ್ತು ತಲೆಯ ಅಡಿಯ ಮತ್ತು ಮರೆಯ, ಅಂದರೆ ಥ್ರೆಡ್ಡಿನ, ಘರ್ಷಣೆಗೆ ಹೋಗುತ್ತದೆ. ತುಕ್ಕು ಹಿಡಿದ ಬೋಲ್ಟಿಗೂ ಎಣ್ಣೆ ಹಚ್ಚಿದ ಬೋಲ್ಟಿಗೂ ಒಂದೇ ಟಾರ್ಕ್ ಕೊಟ್ಟರೆ ಬಿಗಿ ಒಂದೇ ಆಗಿರುವುದಿಲ್ಲ. ನಟ್ಟಿನೊಳಗೂ ಹಂಚಿಕೆ ಸಮನಾಗಿಲ್ಲ: ಬಿಗಿದ ಮೈಗೆ ಹತ್ತಿರದ ಮೊದಲ ಸುತ್ತು ಮರೆಯೇ ಸುಮಾರು ಮೂರನೇ ಒಂದು ಭಾರ ಹೊರುತ್ತದೆ. ಬೋಲ್ಟುಗಳು ಅಲ್ಲೇ ಮುರಿಯುವುದು ಹೆಚ್ಚು.

ಒಂದು ಊರಿನ ನಟ್ಟು ಇನ್ನೊಂದು ಊರಿನ ಬೋಲ್ಟಿಗೆ ಕೂರುವುದು ನಮಗೆ ಸಹಜವೆನಿಸುತ್ತದೆ. 1841ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಪ್ರತಿ ಕಾರ್ಖಾನೆಗೂ ತನ್ನದೇ ಮರೆ. ಜೋಸೆಫ್ ವಿಟ್‌ವರ್ತ್ ಆ ವರ್ಷ ಎಲ್ಲರಿಗೂ ಒಂದೇ ಅಳತೆ, 55 ಡಿಗ್ರಿ ಕೋನದ ಮರೆ ಎಂದು ಪ್ರತಿಪಾದಿಸಿದ. ನಾವೀಗ ಬಳಸುವ ಮೆಟ್ರಿಕ್ ಮರೆಯ ಕೋನ 60 ಡಿಗ್ರಿ. ಹಳೆಯ ಪಂಪಿಗೆ ಹೊಸ ಬೋಲ್ಟು ಎರಡು ಸುತ್ತು ಹೋಗಿ ಸಿಕ್ಕಿಕೊಂಡರೆ ಬಲವಂತ ಮಾಡಬೇಡಿ. ಎರಡು ಪದ್ಧತಿಗಳು ಡಿಕ್ಕಿ ಹೊಡೆಯುತ್ತಿರಬಹುದು.

ಇನ್ನು ಬೇರಿಂಗ್. ಇಲ್ಲಿ ಒಂದು ಪ್ರಯೋಗದ ಕಥೆಯನ್ನು ಹೇಳಲೇಬೇಕು. 1883ರ ಸುಮಾರಿಗೆ ಇಂಗ್ಲೆಂಡಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆ ಬೋಷಾಂಪ್ ಟವರ್ ಎಂಬುವನಿಗೆ ರೈಲ್ವೆ ಅಚ್ಚಿನ ಬೇರಿಂಗುಗಳ ಘರ್ಷಣೆ ಅಳೆಯುವ ಕೆಲಸ ವಹಿಸಿತ್ತು. ಶಾಫ್ಟಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿತ್ತು, ಮೇಲೆ ಹಿತ್ತಾಳೆಯ ಬೇರಿಂಗ್ ಭಾರ ಹೊತ್ತು ಕೂತಿತ್ತು. ಎಣ್ಣೆ ಬಿಡಲೆಂದು ಟವರ್ ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಯಂತ್ರ ಓಡತೊಡಗಿದಾಗ ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿ ಬಂತು. ಬಿರಡೆ ಹಾಕಿ ಮುಚ್ಚಿದ, ಬಿರಡೆಯನ್ನೇ ಹೊರದಬ್ಬಿತು. ಕೊನೆಗೆ ಒತ್ತಡಮಾಪಕ ಜೋಡಿಸಿ ನೋಡಿದರೆ, ಬೇರಿಂಗಿನ ಮೇಲೆ ಹೇರಿದ ಭಾರದ ಸರಾಸರಿ ಒತ್ತಡದ ಎರಡು ಪಟ್ಟಿಗೂ ಹೆಚ್ಚು! ತಿರುಗುವ ಶಾಫ್ಟು ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಇಕ್ಕಟ್ಟಾದ ಸಂದಿಗೆ ನುಗ್ಗಿಸುತ್ತದೆ, ಆ ಒತ್ತಡವೇ ಭಾರವನ್ನು ಎತ್ತಿ ಹಿಡಿಯುತ್ತದೆ. ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದರ ಗಣಿತ ಬರೆದ. ನಿಮ್ಮ ಕಾರಿನ, ಟ್ರ್ಯಾಕ್ಟರಿನ ಕ್ರ್ಯಾಂಕ್‌ಶಾಫ್ಟು ಇಂದಿಗೂ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಲೇ ತಿರುಗುತ್ತದೆ. ಎಣ್ಣೆಯ ತೂತನ್ನು ಭಾರ ಬೀಳುವ ಕಡೆ ಕೊರೆಯಬಾರದು, ಭಾರವಿಲ್ಲದ ಕಡೆ ಕೊರೆಯಬೇಕು ಎಂಬ ನಿಯಮ ಹುಟ್ಟಿದ್ದು ಹೀಗೆ. ಅದಕ್ಕೆ ಮುಂಚೆ, ಭಾರ ಹೆಚ್ಚಿರುವಲ್ಲೇ ಎಣ್ಣೆ ಸುರಿಯಬೇಕು ಎಂದೇ ಜನ ನಂಬಿದ್ದರು. ಹಾಗೆ ಕೊರೆದ ತೂತು ಎಣ್ಣೆ ಕೊಡುವ ಬದಲು ಎಣ್ಣೆಯ ಒತ್ತಡವನ್ನೇ ಸೋರಿಬಿಡುತ್ತಿತ್ತು.

ಗುಂಡುಗಳ ಬೇರಿಂಗಿನ ಲೆಕ್ಕ ಬೇರೆ. ಅದಕ್ಕೆ ಆಯುಷ್ಯವೆಂಬುದು ಇದೆ, ಮತ್ತು ಅದು ಸಂಭವನೀಯತೆಯ ಲೆಕ್ಕ. ಒಂದೇ ಬಗೆಯ ನೂರು ಬೇರಿಂಗುಗಳಲ್ಲಿ ತೊಂಬತ್ತು ಎಷ್ಟು ಸುತ್ತು ದಾಟುತ್ತವೆಯೋ ಅದನ್ನು ಆಯುಷ್ಯ ಎಂದು ಹಿಡಿಯುತ್ತಾರೆ. ಭಾರ ಎರಡು ಪಟ್ಟಾದರೆ ಆಯುಷ್ಯ ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ. ಬೆಲ್ಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದು ಕಟ್ಟಿದ ಮೋಟರಿನ ಬೇರಿಂಗ್ ಬೇಗ ಕೂಗತೊಡಗುವುದು ಇದರಿಂದಲೇ. ಬೇರಿಂಗಿನ ಅಂಕಿಯ ಕೊನೆಯ ಎರಡು ಸ್ಥಾನವನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಸಿಗುತ್ತದೆ, 6205 ಎಂದರೆ 25 ಮಿಲಿಮೀಟರ್. 04ರಿಂದ ಮೇಲಕ್ಕೆ ಇದು ಸರಿ. ಕೂರಿಸುವಾಗ ಶಾಫ್ಟಿನ ಮೇಲೆ ಬಿಗಿಯಾಗಿ ಹೋಗಬೇಕಾದದ್ದು ಒಳಬಳೆಯಾದರೆ ಒಳಬಳೆಗೇ ಹೊಡೆಯಿರಿ. ಹೊರಬಳೆಗೆ ಸುತ್ತಿಗೆ ಹಾಕಿದರೆ ಪೆಟ್ಟು ಗುಂಡುಗಳ ಮೂಲಕ ಹಾದು, ಬಳೆಯಲ್ಲಿ ಕುಳಿ ಬಿದ್ದು, ಹೊಸ ಬೇರಿಂಗ್ ಮೊದಲ ದಿನವೇ ಹಳತಾಗುತ್ತದೆ.

ಹಲ್ಲುಚಕ್ರಗಳ ಬಗ್ಗೆ ಒಂದೇ ಮಾತು, ಏಕೆಂದರೆ ಅದು ಬೇರೆಯದೇ ಭಾಷಣಕ್ಕೆ ಆಗುವಷ್ಟಿದೆ. 20 ಹಲ್ಲಿನ ಚಕ್ರ 40 ಹಲ್ಲಿನ ಚಕ್ರವನ್ನು ತಿರುಗಿಸಿದರೆ ಚಿಕ್ಕದರ ಪ್ರತಿ ಹಲ್ಲೂ ದೊಡ್ಡದರ ಎರಡೇ ಹಲ್ಲುಗಳನ್ನು ಮತ್ತೆ ಮತ್ತೆ ಮುಟ್ಟುತ್ತದೆ. ಒಂದು ಹಲ್ಲಿನಲ್ಲಿ ಕೊರತೆ ಇದ್ದರೆ ಆ ಎರಡರ ಮೇಲೇ ಸವೆತ. ದೊಡ್ಡದಕ್ಕೆ 41 ಹಲ್ಲು ಕೊಟ್ಟರೆ ಪ್ರತಿ ಹಲ್ಲೂ ಸರದಿಯಂತೆ ಎಲ್ಲ ಹಲ್ಲುಗಳನ್ನೂ ಮುಟ್ಟುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. ಮರದ ಹಲ್ಲುಗಳ ಗಿರಣಿ ಕಟ್ಟುತ್ತಿದ್ದ ಯುರೋಪಿನ ಬಡಗಿಗಳಿಗೆ ಈ ಒಂದು ಹೆಚ್ಚುವರಿ ಹಲ್ಲಿನ ಗುಟ್ಟು ಗೊತ್ತಿತ್ತು.

ಇಷ್ಟೆಲ್ಲ ಲೆಕ್ಕದ ಕೊನೆಗೆ ಸುರಕ್ಷಾ ಗುಣಾಂಕವೊಂದನ್ನು, ಅಂದರೆ ಬೀಳಬಹುದಾದ ಬಲದ ಎಷ್ಟು ಪಟ್ಟು ತಾಳುವಂತೆ ಮಾಡಬೇಕು ಎಂಬ ಅಂಕಿಯನ್ನು, ಇಡುತ್ತಾರೆ. ವಿಮಾನದಲ್ಲಿ ಅದು ಒಂದೂವರೆಯಷ್ಟೇ ಇರಬಹುದು, ಜನ ಹತ್ತುವ ಲಿಫ್ಟಿನ ಹಗ್ಗದಲ್ಲಿ ಹತ್ತಕ್ಕೂ ಮೇಲೆ. ವಿಮಾನಕ್ಕೆ ಕಡಿಮೆ ಏಕೆಂದರೆ ಅಲ್ಲಿ ಪ್ರತಿ ತುಂಡಿನ ಲೋಹವನ್ನೂ ಪರೀಕ್ಷಿಸಿರುತ್ತಾರೆ, ಪ್ರತಿ ಬಲವನ್ನೂ ಅಳೆದಿರುತ್ತಾರೆ, ಮತ್ತು ತೂಕ ಹೆಚ್ಚಾದರೆ ಅದು ಹಾರುವುದೇ ಇಲ್ಲ. ಗುಣಾಂಕ ದೊಡ್ಡದಿದೆ ಎಂದು ಮೂಲೆಯನ್ನು ಚೂಪಾಗಿ ಬಿಡುವುದು ತಪ್ಪು. ಚೂಪು ಮೂಲೆ ಆ ಗುಣಾಂಕವನ್ನು ಸದ್ದಿಲ್ಲದೆ ತಿಂದುಹಾಕುತ್ತದೆ. ಈ ಬಗೆಯ ಅಂಕಿಗಳನ್ನೂ ಕೋಷ್ಟಕಗಳನ್ನೂ ನಮ್ಮ ವಿದ್ಯಾರ್ಥಿಗಳ ಕೈಗೆ ಒದಗಿಸಿದವರಲ್ಲಿ ಬೆಂಗಳೂರಿನ ಪ್ರಾಧ್ಯಾಪಕ ಕೆ. ಲಿಂಗಯ್ಯನವರನ್ನು ನೆನೆಯಬೇಕು. ಅವರ ಯಂತ್ರ ವಿನ್ಯಾಸದ ದತ್ತಾಂಶ ಕೈಪಿಡಿ ಕರ್ನಾಟಕವನ್ನು ದಾಟಿ ಬಳಕೆಯಲ್ಲಿದೆ. ಈಗ ಕಂಪ್ಯೂಟರ್ ಪರದೆಯಲ್ಲಿ ಸ್ಟ್ರೆಸ್ ಹೆಚ್ಚಿರುವಲ್ಲಿ ಕೆಂಪು, ಕಡಿಮೆ ಇರುವಲ್ಲಿ ನೀಲಿ ಬಣ್ಣ ಮೂಡುತ್ತದೆ. ಒಳ್ಳೆಯ ಸಾಧನ. ಆದರೆ ಲೇತಿನ ಟೂಲು ಬಿಟ್ಟ ಗೀರು, ವೆಲ್ಡಿಂಗಿನ ಅಂಚು, ಸಡಿಲವಾಗಿ ಬಿಟ್ಟ ಬೋಲ್ಟು ನಾವಾಗಿ ಸೇರಿಸದ ಹೊರತು ಆ ಚಿತ್ರದಲ್ಲಿ ಬರುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಶಾಫ್ಟೋ ಬೋಲ್ಟೋ ಮುರಿದರೆ ಗುಜರಿಗೆ ಹಾಕುವ ಮುನ್ನ ಮುರಿದ ಮೈಯನ್ನು ಬೆಳಕಿಗೆ ಹಿಡಿದು ನೋಡಿ. ಎರಡು ತುಂಡುಗಳನ್ನು ಒಂದಕ್ಕೊಂದು ಉಜ್ಜಬೇಡಿ, ಗುರುತು ಅಳಿಸಿಹೋಗುತ್ತದೆ. ಒಂದು ಅಂಚಿನಿಂದ ಹರಡಿದ ನಯವಾದ ಭಾಗ, ಅದರಲ್ಲಿ ಒಂದರ ಹಿಂದೊಂದು ಕಮಾನು ಗೆರೆಗಳು ಕಂಡರೆ ಅದು ದಣಿವು. ಗೆರೆಗಳು ಸುತ್ತಿಕೊಂಡಿರುವ ಬಿಂದುವೇ ಬಿರುಕು ಹುಟ್ಟಿದ ಜಾಗ. ಒರಟಾಗಿ ಉಳಿದದ್ದು ಕೊನೆಯ ಕ್ಷಣದಲ್ಲಿ ಹರಿದ ಭಾಗ. ಅದು ಚಿಕ್ಕದಿದ್ದರೆ ಭಾರ ಹೆಚ್ಚಿರಲಿಲ್ಲ, ತಪ್ಪು ಬಿರುಕು ಹುಟ್ಟಿದ ಆ ಜಾಗದಲ್ಲೇ ಇದೆ ಎಂದರ್ಥ. ಹೊಸ ಶಾಫ್ಟು ಮಾಡಿಸುವಾಗ ಆ ತುಂಡನ್ನು ಟರ್ನರ್‌ಗೆ ತೋರಿಸಿ, ಈ ಮೂಲೆಯನ್ನು ದುಂಡಗೆ ಮಾಡಿಕೊಡಿ ಎಂದು ಕೇಳಿ. ಐಟಿಐ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಲ್ಲಿಯೂ ನನ್ನ ಬಿನ್ನಹ ಇದೇ. ಊರಿನ ವರ್ಕ್‌ಶಾಪುಗಳಿಂದ ಮುರಿದ ಭಾಗಗಳನ್ನು ಕೇಳಿ ತಂದು ಒಂದು ಕಪಾಟಿನಲ್ಲಿ ಜೋಡಿಸಿಡಿ, ಸೂತ್ರ ಬರೆಯುವ ಮುನ್ನ ಒಂದನ್ನು ಹುಡುಗರ ಕೈಗೆ ಕೊಡಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.